ಬುರುಲ್ ಎಜೆಯ ದೊಲೊನೊ ಚಿಗುರು

ಬುರುಲ್ ಎಜೆಗೆ, ಎಂದರೆ ನಮ್ಮ ಬುರುಲಕ್ಕನಿಗೆ, ಹೊಟ್ಟೆಕಿಚ್ಚು ಹತ್ತಿದರೆ ಚಹಾ ಬಟ್ಟಲನ್ನು ಮೇಜಿನ ಮೇಲೆ ಕುಕ್ಕುತ್ತಾಳೆ. ಆ ಬೇಸಿಗೆಯಲ್ಲಿ ಬಟ್ಟಲುಗಳಿಗೆ ಉಳಿಗಾಲವಿರಲಿಲ್ಲ. ಬಿಷ್ಕೆಕ್ಕಿನ ಸಸ್ಯ ಸಂಗ್ರಹಾಲಯದಲ್ಲಿ ಅವಳದೂ ನನ್ನದೂ ಅಕ್ಕಪಕ್ಕದ ಮೇಜು. ಕಲ್ಲಿನಲ್ಲಿ ಅಚ್ಚಾದ ಹಳೇ ಕಾಲದ ಎಲೆಯನ್ನು ಇಂದಿನ ಗಿಡಗಳ ಎಲೆಯೊಂದಿಗೆ ಹೋಲಿಸಿ, ಇದು ಇಂಥದ್ದೇ ಎಂದು ಹೇಳುವುದು ಅವಳ ಕೆಲಸ. ಅದರಲ್ಲೂ ದೊಲೊನೊ, ಬೆಟ್ಟದಲ್ಲಿ ಕೆಂಪು ಹಣ್ಣು ಬಿಡುವ ಆ ಮುಳ್ಳುಮರ, ತನ್ನ ತವರಿನ ಆಸ್ತಿ ಎಂಬಂತೆ ಆಡುತ್ತಾಳೆ. ಹೀಗಿರುವಾಗ ದೊಲೊನೊ ಎಲೆಯ ಕಲ್ಲೊಂದು ಬಂತು. ಮೇಲಧಿಕಾರಿ ಅದನ್ನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಅನಾರ್ಕಾನ್‌ಗೆ ಕೊಟ್ಟುಬಿಟ್ಟರು.

ಅನಾರ್ಕಾನ್ ಹೋಲಿಸಿ ನೋಡಲೆಂದು ಕಪಾಟಿನಲ್ಲಿ ಒಣಗಿಸಿಟ್ಟ ದೊಲೊನೊ ರೆಂಬೆಗಳನ್ನೆಲ್ಲ ತಿರುವಿ ಹಾಕಿದಳು. ಕಲ್ಲಿನಲ್ಲಿದ್ದಷ್ಟು ಆಳವಾಗಿ ಸೀಳಿದ ಎಲೆ ಯಾವುದರಲ್ಲೂ ಇರಲಿಲ್ಲ. ಇದು ಹೊಸ ಜಾತಿಯ ದೊಲೊನೊ ಎಂದು ಸಂಗ್ರಹಾಲಯದ ಸಭೆಯಲ್ಲಿ ಸಾರಲು ಸಿದ್ಧಳಾದಳು.

"ಹೊಸ ಜಾತಿಯಂತೆ, ಹೊಸ ಜಾತಿ," ಬುರುಲ್ ನನ್ನ ಕಿವಿಯಲ್ಲಿ ಅಂದಳು. "ಹೂ ಬಿಟ್ಟ ರೆಂಬೆ ಬಿಟ್ರೆ ಬೇರೇದನ್ನ ಯಾರು ತಂದು ಒಣಗಿಸ್ತಾರೆ? ಹೂ ಬಿಡದ ಉದ್ದ ಚಿಗುರಿನ ಎಲೆ ಹೀಗೇ ಸೀಳಿರುತ್ತೆ. ಕಪಾಟಲ್ಲಿ ಹುಡುಕಿದ್ರೆ ಎಲ್ಲಿಂದ ಸಿಗುತ್ತೆ?"

"ಹಂಗಾದ್ರೆ ಅವಳಿಗೆ ಹೇಳು, ಎಜೆ."

"ಹೇಳ್ತೀನಿ. ಸಭೇಲಿ, ಎಲ್ರ ಮುಂದೆ."

ಸಭೆಯ ಹಿಂದಿನ ಸಂಜೆ ಬುರುಲ್ ಸಂಗ್ರಹಾಲಯದ ಅಂಗಳದ ದೊಲೊನೊ ಮರದಿಂದ ಅಂಥದೊಂದು ಚಿಗುರು ಕತ್ತರಿಸಿ ಚೀಲಕ್ಕೆ ಸೇರಿಸಿದಳು. ಮರುದಿನ ತಲೆಗೆ ರೇಷ್ಮೆ ವಸ್ತ್ರ ಕಟ್ಟಿಕೊಂಡು, ಮದುವೆಗೆ ಹೊರಟವಳ ಹಾಗೆ ಬಂದು ಮುಂದಿನ ಸಾಲಿನಲ್ಲೇ ಕೂತಳು.

ಅನಾರ್ಕಾನ್ ಎದ್ದು ನಿಂತಳು.

"ಇದು ಹೊಸ ಜಾತಿ ಅಲ್ಲ. ನಾನೇ ದೊಡ್ಡ ತಪ್ಪು ಮಾಡ್ತಿದ್ದೆ. ಬೆಳಿಗ್ಗೆ ಬರ್ತಾ ನೋಡ್ತೀನಿ, ಅಂಗಳದ ಮರದಲ್ಲಿ ಯಾರೋ ಒಂದು ಉದ್ದ ಚಿಗುರು ಕತ್ತರಿಸಿದ್ದಾರೆ. ಹೂವಿಲ್ಲ, ಹಣ್ಣಿಲ್ಲ, ಅದು ಯಾರಿಗೆ ಬೇಕಿತ್ತಪ್ಪಾ ಅಂತ ಪಕ್ಕದ ಚಿಗುರನ್ನ ಬಗ್ಗಿಸಿ ನೋಡಿದೆ. ಕಲ್ಲಲ್ಲಿರೋ ಎಲೆ ಅಲ್ಲೇ ಇತ್ತು." ಅವಳು ನಕ್ಕಳು. "ಕತ್ತರಿಸಿದೋರು ಯಾರೋ ಗೊತ್ತಿಲ್ಲ. ಅವರ ಹೊಟ್ಟೆ ತಣ್ಣಗಿರಲಿ."

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಇಂಥ ಪ್ರಾಮಾಣಿಕತೆ ಈಗ ಎಲ್ಲಿದೆ ಎಂದು ಮೇಲಧಿಕಾರಿ ಹಾಡಿ ಹೊಗಳಿದರು. ಬುರುಲ್ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತೇ ಇದ್ದಳು. ಕತ್ತರಿಸಿದ್ದು ನಾನೇ ಎಂದರೆ, ಗೊತ್ತಿದ್ದೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೇಕೆ ಎಂದೂ ಹೇಳಬೇಕಾಗುತ್ತಿತ್ತು.

ಹೊರಗೆ ಬಂದವಳೇ ನನ್ನ ತೋಳು ಚಿವುಟಿದಳು.

"ನೋಡಿದ್ಯಾ? ತಪ್ಪು ಮಾಡಿದ್ದಕ್ಕೂ ಅವಳಿಗೇ ಚಪ್ಪಾಳೆ."