ಕಾಕುವಿನ ಸಪ್ಪನ ತಾಟು

ಕಳೆದ ವಾರ ಮನೆಯಲ್ಲಿ ಅಗಸಿ ಬೀಜ ಹುರಿಯುತ್ತಿದ್ದೆ. ಬಾಣಲೆ ಕಾದು ಬೀಜ ಚಟಪಟ ಅನ್ನತೊಡಗಿದಾಗ ಆ ವಾಸನೆ ಎದ್ದಿತು. ಹುರಿದ ಶೇಂಗಾಕ್ಕೆ ಹತ್ತಿರದ, ಆದರೆ ಇನ್ನೂ ಸ್ವಲ್ಪ ಗಾಢವಾದ ವಾಸನೆ. ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ತೆಗೆದಿಟ್ಟುಕೊಂಡಿದ್ದೆ. ಉಪ್ಪು ಮಾತ್ರ ತೆಗೆದಿರಲಿಲ್ಲ. ಬಿಪಿ ಏರಿದೆ, ಶುಗರ್ ಕೂಡ ಅಂಚಿಗೆ ಬಂದಿದೆ, ಉಪ್ಪು ಅರ್ಧಕ್ಕೆ ಇಳಿಸ್ರಿ, ಅನ್ನ ರೊಟ್ಟಿ ಕಡಿಮಿ ಮಾಡ್ರಿ ಎಂದು ಸವದತ್ತಿಯ ಡಾಕ್ಟರು ಹೇಳಿ ಕಳಿಸಿದ್ದರು. ಒಲೆಯ ಮುಂದೆ ನಿಂತು ಕೈಯಾಡಿಸುತ್ತಿದ್ದಾಗ ಬೈಲಹೊಂಗಲದ ಖಾನಾವಳಿ ಕಾಕು ನೆನಪಾದಳು. ಎಷ್ಟೋ ದಿನಗಳಿಂದ ಆಕೆಯನ್ನು ನೆನೆದೇ ಇರಲಿಲ್ಲ...

ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಶಿಕ್ಷಕಿಯಾಗಿ ಹೋದಾಗ ಇನ್ನೂ ಮದುವೆಯಾಗಿರಲಿಲ್ಲ. ನನ್ನ ಊರು ರಾಮದುರ್ಗದ ಕಡೆಯ ಕಟಕೋಳ. ದಿನಾ ಬಸ್ಸಿನಲ್ಲಿ ಓಡಾಡುವುದು ಆಗದೆಂದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದೆ. ಕೆಳಗೆ ಖಾನಾವಳಿ, ಮೇಲೆ ನನ್ನ ಖೋಲಿ. ಖಾನಾವಳಿ ನಡೆಸುತ್ತಿದ್ದವಳನ್ನು ಓಣಿಯೆಲ್ಲ ಕಾಕು ಎನ್ನುತ್ತಿತ್ತು, ಆಕೆಯ ಗಂಡನನ್ನು ಕಾಕಾ. ನಾನೂ ಹಾಗೇ ಕರೆದೆ. ಶಿಕ್ಷಕಿಯಾದ್ದರಿಂದ ಅವರಿಗೆ ನಾನು ಅಕ್ಕೋರು.

ಕಾಕು ಸಣ್ಣ ಆಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಳಿತಳೆಂದರೆ ಮಧ್ಯಾಹ್ನ ಇಳಿಯುವತನಕ ಏಳುತ್ತಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನನ್ನ ಖೋಲಿಯ ನೆಲದಲ್ಲಿ ಕೇಳಿಸುತ್ತಿತ್ತು. ಕಾಕಾ ಎತ್ತರದ, ದಪ್ಪ ಮನುಷ್ಯ. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುತ್ತಿದ್ದ. ಕಬ್ಬಿನ ಹಂಗಾಮು ಮುಗಿದ ಮೇಲೆ ಖಾನಾವಳಿಯ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು ಬಂದವರನ್ನು ಮಾತಾಡಿಸುತ್ತಿದ್ದ. ಊಟದ ವಿಷಯದಲ್ಲಿ ಅವನಿಗೆ ಮಿತಿ ಎಂಬುದಿರಲಿಲ್ಲ. ರೊಟ್ಟಿಯ ಮೇಲೆ ರೊಟ್ಟಿ, ಆಮೇಲೆ ಗುಡ್ಡೆ ಅನ್ನ, ಬಾಯಿಗೆ ಹಪ್ಪಳ, ಉಪ್ಪು ತುಂಬಿ ಒಣಗಿಸಿ ಕರಿದ ಮಜ್ಜಿಗೆ ಮೆಣಸಿನಕಾಯಿ. ಪಲ್ಯದ ರುಚಿ ನೋಡುವ ಮೊದಲೇ ತಾಟಿನ ಅಂಚಿಗೆ ಒಂದು ಚಿಟಿಕೆ ಉಪ್ಪು ಹಾಕಿಸಿಕೊಳ್ಳುತ್ತಿದ್ದ. ಅವನು ಉಣ್ಣುವುದನ್ನು ನೋಡುವುದೇ ಕಾಕುವಿಗೆ ಒಂದು ಹೆಮ್ಮೆಯಾಗಿತ್ತು.

ಒಂದು ಬೆಳಿಗ್ಗೆ ಚಹದ ಕಪ್ಪು ಅವನ ಕೈಯಿಂದ ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಓಣಿಯವರು ಸೇರಿ ಬೆಳಗಾವಿಗೆ ಕರೆದೊಯ್ದರು. ತಿರುಗಿ ಬಂದಾಗ ಮಾತು ಸರಿಯಾಗಿತ್ತು, ಬಲಗೈ ಮಾತ್ರ ಸೋತಿತ್ತು. ಲಾರಿ ಹೊಡೆಯುವುದು ಅಲ್ಲಿಗೆ ಮುಗಿಯಿತು. ಅವನಿಗೆ ಬಿಪಿಯೂ ಇತ್ತು, ಶುಗರೂ ಇತ್ತು. ಎರಡೂ ಅವನಿಗೆ ಗೊತ್ತಿರಲಿಲ್ಲ. ಉಪ್ಪಿನಕಾಯಿ, ಹಪ್ಪಳ ಮುಟ್ಟಬೇಡಿ, ಅಡುಗೆಗೆ ಉಪ್ಪು ತೀರ ಕಡಿಮೆ ಹಾಕಿ, ಅನ್ನ ರೊಟ್ಟಿ ಇಳಿಸಿ ಕಾಯಿಪಲ್ಯ, ಕಾಳು ಹೆಚ್ಚು ಮಾಡಿ, ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಕಾಕುವಿಗೇ ನೇರವಾಗಿ ಹೇಳಿದ್ದರಂತೆ.

ಅವತ್ತಿನಿಂದ ದೊಡ್ಡ ಒಲೆಯ ಪಕ್ಕಕ್ಕೆ ಒಂದು ಸಣ್ಣ ಒಲೆ ಬಂತು. ಅದರ ಮೇಲೆ ಒಂದು ಪುಟ್ಟ ಪಾತ್ರೆ. ಖಾನಾವಳಿಯ ಅಡುಗೆ ಒಂದು ಕಡೆ, ಕಾಕಾನ ಅಡುಗೆ ಇನ್ನೊಂದು ಕಡೆ. ಮೊದಲ ದಿನ ಕಾಕಾ ತುತ್ತು ಬಾಯಿಗಿಟ್ಟವನೇ ತಾಟನ್ನು ಎಡಗೈಯಿಂದ ದೂಡಿದ. ನಾನು ಅಲ್ಲೇ ಊಟಕ್ಕೆ ಕುಳಿತಿದ್ದೆ.

"ಇದೇನ ಊಟನೋ ದನದ ಮೇವೋ? ಸಪ್ಪನ್ನ ಸಪ್ಪ. ಇದನ್ನ ಉಂಡು ಬದುಕೂದು ಯಾಕ?"

ಕಾಕು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಇನ್ನೊಂದು ತಾಟು ತಂದಳು. ಅದೇ ಪುಟ್ಟ ಪಾತ್ರೆಯಿಂದ ತನಗೂ ಬಡಿಸಿಕೊಂಡು ಗಂಡನ ಎದುರಿಗೆ ನೆಲದ ಮೇಲೆ ಕುಳಿತಳು.

"ನೀವು ಏನ ಉಣ್ತೀರಿ, ಇನ್ನ ಮ್ಯಾಲ ನಾನೂ ಅದನ್ನ ಉಣ್ತೇನಿ. ಮೇವಾದ್ರ ಇಬ್ಬರಿಗೂ ಮೇವು," ಎಂದಳು.

ಅಷ್ಟು ದಿನ ಗಂಡನೂ ಗಿರಾಕಿಗಳೂ ಉಂಡ ಮೇಲೆ ಎಲ್ಲೋ ಮೂಲೆಯಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದವಳು ಆಕೆ. ಹಾಗೆ ಎದುರಿಗೆ ಕುಳಿತದ್ದನ್ನು ನಾನು ಅದೇ ಮೊದಲು ನೋಡಿದೆ. ಕಾಕಾ ಒಮ್ಮೆ ಆಕೆಯ ತಾಟಿನ ಕಡೆ ನೋಡಿದ. ಆಮೇಲೆ ತಾಟು ಎಳೆದುಕೊಂಡ.

ಆ ಸಪ್ಪನ ಊಟವನ್ನು ಬಾಯಿಗೆ ಹತ್ತಿಸಲು ಆಕೆ ಪಟ್ಟ ಪಾಡು ಕಡಿಮೆಯದಲ್ಲ. ಒಂದೇ ಸಲ ಉಪ್ಪು ಬಿಡಿಸಲಿಲ್ಲ, ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದಳು. ಮಡಕಿ ಕಾಳು ಮೊಳಕೆ ಬರಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮೇಲೆ ನಿಂಬೆಹಣ್ಣು ಹಿಂಡುತ್ತಿದ್ದಳು. ಅಗಸಿ ಹಿಂಡಿಯನ್ನು ಉಪ್ಪಿಲ್ಲದೆ ಕುಟ್ಟಿ ಮೊಸರಿನ ಮೇಲೆ ಉದುರಿಸುತ್ತಿದ್ದಳು. ರೊಟ್ಟಿ ತೆಳ್ಳಗಾಯಿತು, ಆಮೇಲೆ ಸಣ್ಣದಾಯಿತು. ಅನ್ನದ ಜಾಗದಲ್ಲಿ ಮೆಂತ್ಯ ಪಲ್ಯ, ಹಕ್ಕರಿಕೆ ಸೊಪ್ಪು, ಸೌತೆಕಾಯಿ, ಮೂಲಂಗಿ ತುಂಬಿದವು. ಕಾಕಾ ಗೊಣಗುತ್ತ ಉಣ್ಣುತ್ತಿದ್ದ. ಸಂಜೆ ತಿರುಗಾಡಲು ಹೋಗುತ್ತೇನೆಂದು ಹೇಳಿ ಬಸ್‌ಸ್ಟ್ಯಾಂಡಿನ ಗಾಡಿಯ ಮುಂದೆ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದುದೂ ಉಂಟು. ಕಾಕುವಿಗೆ ಅದು ತಿಳಿದಿತ್ತು.

"ಗೊತ್ತೈತ್ರಿ ಅಕ್ಕೋರ, ಅಂಗಿ ವಾಸನೀನ ಹೇಳತೈತಿ," ಎಂದಿದ್ದಳು ಒಮ್ಮೆ. "ಕೇಳಿದ್ರ ಸುಳ್ಳ ಹೇಳತಾರ. ಸುಳ್ಳ ಹೇಳೂದು ಅವರಿಗೆ ರೂಢಿ ಆಗಬಾರದು. ಅದಕ್ಕ ಕೇಳೂದಿಲ್ಲ."

ತಾಪತ್ರಯ ಬಂದದ್ದು ಬೇರೆ ಕಡೆಯಿಂದ. ಕೆಲವು ತಿಂಗಳಾದ ಮೇಲೆ ಗಿರಾಕಿಗಳು ತಕರಾರು ಮಾಡತೊಡಗಿದರು. "ಕಾಕು, ಇವತ್ತ ಬದನಿಕಾಯಿಗೆ ಉಪ್ಪ ಹಾಕೂದು ಮರತೀರೇನ್ರಿ?" ಎಂದು ಒಬ್ಬರು, "ಸಾರು ನೀರ ಆಗೇತ್ರಿ" ಎಂದು ಇನ್ನೊಬ್ಬರು. ಆಕೆ ಮೊದಲು ನಕ್ಕು ಉಪ್ಪು ತಂದಿಡುತ್ತಿದ್ದಳು. ಆದರೆ ಅದು ದಿನದಿನದ ಮಾತಾಯಿತು. ಹತ್ತಿ ವ್ಯಾಪಾರಕ್ಕೆ ಬಂದವರು, ಕೋರ್ಟಿಗೆ ಬಂದವರು ರಸ್ತೆಯ ಆಚೆಗಿನ ಖಾನಾವಳಿಗೆ ಹೊರಳಿದರು. ಮಧ್ಯಾಹ್ನ ಬೆಂಚುಗಳು ಖಾಲಿ ಕಾಣತೊಡಗಿದವು. ಕಾಕಾನ ಲಾರಿ ನಿಂತ ಮೇಲೆ ಆ ಮನೆಗೆ ಖಾನಾವಳಿಯೊಂದೇ ಆಧಾರ.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಕಾಕು ಕೆಳಗಿನ ಮೆಟ್ಟಿಲಲ್ಲಿ ಕಾದು ನಿಂತಿದ್ದಳು. ಕೈಯಲ್ಲಿ ಒಂದು ವಾಟಗಾ, ಅದರಲ್ಲಿ ಸಾರು.

"ಇದರ ರುಚಿ ಒಂಚೂರು ನೋಡ್ರಿ ಅಕ್ಕೋರ."

ಕುಡಿದೆ. ಸಪ್ಪಗಿತ್ತು. ಹೇಳಲು ಸಂಕೋಚವಾಯಿತು, ಆದರೆ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕಡಿಮಿ ಐತಿ ಹೌದಲ್ರಿ? ನನಗ ಇದು ಉಪ್ಪುಪ್ಪು ಅನಸ್ತೈತಿ. ಅವರ ಜೋಡಿ ಉಂಡು ಉಂಡು ನನ್ನ ನಾಲಿಗಿನ ಹೋಗೇತಿ. ಕೈ ಅಳತಿ ನಂಬಿದ್ರ ಕೈಗೂ ಹೆದರಿಕಿ. ಹಾಕಾಕ ಹೋದ್ರ ತಡೀತೈತಿ." ವಾಟಗಾ ತಿರುಗಿ ತೆಗೆದುಕೊಳ್ಳುತ್ತ ಹೇಳಿದಳು: "ಅವರ ತಾಟಿನ್ಯಾಗಿಂದ ತಗದದ್ದನ್ನ ಮಂದಿ ತಾಟಿಗೆ ಹಾಕಾಕತ್ತೇನಿ ಅನಸ್ತೈತ್ರಿ."

ಗಂಡನ ಜೊತೆ ಉಣ್ಣುವುದನ್ನು ಬಿಟ್ಟರೆ ನಾಲಿಗೆ ತಿರುಗಿ ಬರಬಹುದಿತ್ತು. ಅದನ್ನು ಆಕೆ ಒಂದು ದಾರಿ ಎಂದು ಎಣಿಸಲೇ ಇಲ್ಲ. ನೀವೇ ದಿನಾ ಸಾಲಿಗೆ ಹೋಗುವ ಮೊದಲು ರುಚಿ ನೋಡಿ ಹೋಗಿರಿ ಎಂದಳು. ನಾನು ಒಪ್ಪಿದೆ. ಅಂದಿನಿಂದ ಬೆಳಗಿನ ಹೊತ್ತು ಒಲೆಯ ಪಕ್ಕ ನಿಂತು ಸಾರು, ಪಲ್ಯ, ಝುಣಕ ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ. "ಸ್ವಲ್ಪ ಬೇಕ್ರಿ" ಎಂದರೆ ಆಕೆ ಹಾಕುತ್ತಿದ್ದಳು, "ಸಾಕ್ರಿ" ಎಂದರೆ ಮುಚ್ಚುತ್ತಿದ್ದಳು. ನಿಧಾನಕ್ಕೆ ಗಿರಾಕಿಗಳು ಮರಳಿ ಬಂದರು. ಎಲ್ಲರೂ ಬರಲಿಲ್ಲ.

ಆ ವರ್ಷ ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಅವರ ಸಂಬಂಧಿಕರ ಮದುವೆ ಇತ್ತು. ನನ್ನನ್ನೂ ಕರೆದೊಯ್ದರು. ಕಾಕಾನ ಹಳೆಯ ಗೆಳೆಯ, ಅವನಂತೆಯೇ ಲಾರಿ ಹೊಡೆಯುತ್ತಿದ್ದ ಒಬ್ಬ ಸಾಬರು, ತಮ್ಮ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಅವರನ್ನು ಎಲ್ಲರೂ ಭಾಯಿ ಎನ್ನುತ್ತಿದ್ದೆವು. ದಾರಿಯುದ್ದಕ್ಕೂ ಕಾಕಾ ಹುರುಪಿನಲ್ಲಿದ್ದ. ಮದುವೆ ಮನೆಯಲ್ಲಿ ತನ್ನನ್ನು ಯಾರೂ ತಡೆಯುವಂತಿಲ್ಲ ಎಂಬ ಧೈರ್ಯ ಅವನ ಮುಖದಲ್ಲಿ ಕಾಣುತ್ತಿತ್ತು. ಗಂಡಸರ ಪಂಕ್ತಿಯಲ್ಲಿ ಭಾಯಿಯ ಪಕ್ಕ ಕುಳಿತ. ಎದುರಿನ ಪಂಕ್ತಿಯಲ್ಲಿ ನಾನು ಮತ್ತು ಕಾಕು. ಅನ್ನ ಬಂತು, ಸಾರು ಬಂತು, ಹಪ್ಪಳ, ಉಪ್ಪಿನಕಾಯಿ ಬಂದವು. ಎಲ್ಲವನ್ನೂ ಹಾಕಿಸಿಕೊಂಡ. ಕಾಕು ತನ್ನ ಎಲೆ ನೋಡುತ್ತ ಕುಳಿತಿದ್ದಳು. ಆದರೆ ಉಣ್ಣುತ್ತಿರಲಿಲ್ಲ.

ಕಾಕಾ ದೊಡ್ಡ ತುತ್ತು ಕಲಸಿ ಬಾಯಿಗಿಟ್ಟ. ಅಗಿಯುವುದು ನಿಂತಿತು. ನುಂಗಿ ನೀರು ಕುಡಿದ. ಹಪ್ಪಳ ಮುರಿದು ಇನ್ನೊಂದು ತುತ್ತು ತಿಂದು ನೋಡಿದ. ಮತ್ತೆ ನೀರು. ಪಕ್ಕದವರ ಕಡೆ ತಿರುಗಿ, "ಉಪ್ಪ ಬಾಳ ಆಗೇತಲ್ಲ?" ಎಂದು ಕೇಳಿದ. ಇಲ್ಲವಲ್ಲ, ಸರಿ ಐತಿ ಎಂದರು ಭಾಯಿ. ಕಾಕಾ ತಲೆಯೆತ್ತಿ ಎದುರಿನ ಪಂಕ್ತಿಯಲ್ಲಿದ್ದ ಹೆಂಡತಿಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟೂ ಇತ್ತು, ಸೋಜಿಗವೂ ಇತ್ತು.

ಅದೇ ಜೀಪಿನಲ್ಲಿ ತಿರುಗಿ ಹೊರಟೆವು. ದಾರಿಯಲ್ಲಿ ಕಾಕಾ ಅಂದ, "ನನ್ನ ನಾಲಿಗಿ ಕೆಡಿಸಿಬಿಟ್ಟಿ ನೋಡ ನೀ."

"ನನ್ನದೂ ಕೆಟ್ಟೇತಿ ತಗೋರಿ," ಎಂದಳು ಕಾಕು, ಹೊರಗೆ ನೋಡುತ್ತ. ಭಾಯಿ ನಗುತ್ತ ಗಾಡಿ ನಿಧಾನ ಮಾಡಿದರು. ಮನೆ ಮುಟ್ಟಿದ ಮೇಲೆ ಅವಳು ಸಣ್ಣ ಒಲೆ ಹಚ್ಚಿ ಕಾಳು ಬೇಯಿಸಿದಳು. ಇಬ್ಬರೂ ಎದುರುಬದುರು ಕುಳಿತು ಉಂಡರು.

ಮಿರ್ಚಿ ಭಜಿ ಆಮೇಲೆ ತಾನಾಗಿ ನಿಂತಿತು. ಭಾಯಿಗೂ ಶುಗರ್ ಇದೆಯೆಂದು ಗೊತ್ತಾದಾಗ ಅವರೇ ಬಂದು, "ನನಗೂ ಅದನ್ನ ಹಾಕ್ರಿ ಭಾಭಿ," ಎಂದು ಕೇಳಿದರು. ಬಿಪಿಯ ಒಬ್ಬ ನಿವೃತ್ತ ಮಾಸ್ತರರು ಸೇರಿಕೊಂಡರು. ಮೂಲೆಯ ಆ ಬೆಂಚಿಗೆ ಓಣಿಯವರು ದವಾಖಾನಿ ಪಂಕ್ತಿ ಎಂದು ಹೆಸರಿಟ್ಟರು. ಪುಟ್ಟ ಪಾತ್ರೆಯ ಜಾಗಕ್ಕೆ ಸ್ವಲ್ಪ ದೊಡ್ಡದು ಬಂತು. ನನಗೆ ಮದುವೆಯಾಗಿ ಸವದತ್ತಿ ಕಡೆಗೆ ವರ್ಗವಾಗುವತನಕ ಬೆಳಗಿನ ರುಚಿ ನೋಡುವ ಕೆಲಸ ನನ್ನದೇ ಆಗಿತ್ತು. ಆಮೇಲೆ ಯಾರು ನೋಡುತ್ತಿದ್ದರೋ...

ಕಾಕು ಹೋದದ್ದು ಒಂದು ಮಳೆಗಾಲದಲ್ಲಿ, ನ್ಯುಮೋನಿಯಾ ಆಗಿ. ಅಲ್ಲಿಯತನಕ ಎಲ್ಲರೂ ಹೆದರಿದ್ದು ಕಾಕಾನ ಜೀವಕ್ಕೆ. ಭಾಯಿ ಫೋನ್ ಮಾಡಿ ತಿಳಿಸಿದರು. ನಾನು ಹೋದಾಗ ಮಣ್ಣು ಕೊಡುವುದು ಮುಗಿದಿತ್ತು. ಬಂಧುಗಳು ಯಾರದೋ ಮನೆಯಿಂದ ಅಡುಗೆ ತಂದು ಕಾಕಾನಿಗೆ ಬಡಿಸಿದ್ದರು. ಅನ್ನ, ಸಾರು. ಅವನು ಎಡಗೈಯಿಂದ ಸುಮ್ಮನೆ ಉಣ್ಣುತ್ತಿದ್ದ. ನಾನು ಹತ್ತಿರ ಕುಳಿತು, "ಉಪ್ಪ ಹೆಚ್ಚಾಗೇತೇನ್ರಿ ಕಾಕಾ?" ಎಂದು ಕೇಳಿದೆ.

"ಗೊತ್ತಾಗವಲ್ದು," ಎಂದ.

ಖಾನಾವಳಿ ಆಮೇಲೆ ನಡೆಯಲಿಲ್ಲ. ಕಾಕಾ ಈಗ ಕಿತ್ತೂರಿಗೆ ಮದುವೆ ಮಾಡಿಕೊಟ್ಟ ಮಗಳ ಮನೆಯಲ್ಲಿದ್ದಾನೆ. ತುಂಬ ವಯಸ್ಸಾಗಿದೆ, ಆದರೆ ಗಟ್ಟಿಯಾಗಿದ್ದಾನೆ ಎಂದು ಭಾಯಿ ಹೇಳುತ್ತಿರುತ್ತಾರೆ. ಹೋದ ವಾರ ಅವರಿಂದ ನಂಬರ್ ಪಡೆದು ಕಾಕಾನಿಗೆ ಫೋನ್ ಮಾಡಿದೆ. ನನಗೂ ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ ಎಂದೆ. ಅವನು ಸಮಾಧಾನದಿಂದ ಕೇಳಿಸಿಕೊಂಡ.

"ಮೊದಲ ತ್ರಾಸ ಆಗತೈತ್ರಿ ಅಕ್ಕೋರ. ಆಮ್ಯಾಲ ನಡೀತೈತಿ. ನಿಮ್ಮ ಜೋಡಿ ಯಾರ ಉಣ್ತಾರ?"

"ಯಾರೂ ಇಲ್ರಿ. ನಮ್ಮ ಮನಿಯವರಿಗೆ ಹಪ್ಪಳ ಇಲ್ಲದ ಊಟ ಆಗೂದಿಲ್ಲ."

 

"ಆಕಿ ಇದ್ದಿದ್ರ," ಎಂದ ಕಾಕಾ, "ನಿಮ್ಮ ಜೋಡಿನೂ ಕುಂತು ಉಣತಿದ್ಲು."