ಕಂಬಳಿ ತುಳಿದು ನೋಡಿದ ಶುಕ್ರವಾರ

ಫುಲ್ಲರ್ ಎಂಬುದು ಇಂಗ್ಲಿಷರ ಒಂದು ಮನೆತನದ ಹೆಸರು. ನೇಯ್ದ ಉಣ್ಣೆಬಟ್ಟೆಯನ್ನು ನೀರಿನ ತೊಟ್ಟಿಯಲ್ಲಿ ಹಾಕಿ, ಕಾಲಿನಿಂದ ತುಳಿದು ಗಟ್ಟಿ ಮಾಡುವವನನ್ನು ಮಧ್ಯಯುಗದಲ್ಲಿ ಹಾಗೆ ಕರೆಯುತ್ತಿದ್ದರೆಂದು ನನ್ನ ಮೊಮ್ಮಗಳು ಶಾಲೆಯ ಭಾಷಣಕ್ಕೆ ಬರೆದುಕೊಂಡಿದ್ದಳು. ಈ ಗಲ್ಫ್ ದೇಶದಲ್ಲಿ ಶಾಲೆಯ ವಾರ ಭಾನುವಾರವೇ ಶುರು; ಅಂದೇ ಅದನ್ನು ತರಗತಿಯ ಮುಂದೆ ಹೇಳಬೇಕಿತ್ತು. ಆ ವಾಕ್ಯವನ್ನು ಹೊಡೆದುಹಾಕೆಂದು ನಾನು ಹೇಳಿದೆ.

ನನ್ನ ಸಂಶಯಕ್ಕೆ ಆಧಾರವಿತ್ತು. ಊರಲ್ಲಿ ನಮ್ಮದು ಕಂಬಳಿ ನೇಯುವ ಮನೆ. ಮಗ್ಗದಿಂದ ಇಳಿದ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹರವಿದರೆ ಅದು ಹಲಗೆಯಂತೆ ಬಿಗಿಯುತ್ತದೆ. ಕಾಲಿಗೆ ಅಲ್ಲಿ ಕೆಲಸವಿಲ್ಲ. ಯಾರೋ ಒಬ್ಬರು ಬರೆದದ್ದನ್ನು ಉಳಿದವರೆಲ್ಲ ನಕಲು ಮಾಡಿದ್ದಾರೆಂದೇ ನನ್ನ ತೀರ್ಮಾನ. ಶಾಲೆಯನ್ನು ಬೇಗ ಬಿಟ್ಟವನಾದರೂ, ಓದಿದ್ದನ್ನು ಕೈಯಿಂದ ಮುಟ್ಟಿ ನೋಡದೆ ನಾನು ಒಪ್ಪಿದ್ದಿಲ್ಲ.

"ಎಲ್ಲಾ ವೆಬ್‌ಸೈಟ್‌ನ್ಯಾಗೂ ಹಂಗೇ ಐತಿ, ಅಜ್ಜಾ. ನಿನ್ನ ಪ್ರೂಫ್ ಎಲ್ಲೈತಿ?" ಎಂದಳು. ಭಾಷಣ ಇದ್ದದ್ದೇ ಆ ಹೆಸರಿನ ಮೇಲೆ; ಆ ವಾಕ್ಯ ಹೋದರೆ ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವಳ ಕಣ್ಣು ತುಂಬಿತ್ತು.

ಅಲ್ ವುಕೈರ್ ಎಂಬ ಊರಿನಲ್ಲಿರುವ ಮಗನ ಈ ಫ್ಲ್ಯಾಟಿನಲ್ಲಿ, ಎಸಿಯ ಚಳಿಗೆ ನಾನು ಹೊದೆಯುವುದು ಅಪ್ಪ ನೇಯ್ದ ಕಂಬಳಿ. ಶುಕ್ರವಾರ ಬೆಳಿಗ್ಗೆ ಅದನ್ನೇ ಬಾತ್‌ಟಬ್ಬಿಗೆ ಹಾಕಿ, ಬಿಸಿನೀರು, ಸೋಪಿನ ಪುಡಿ ಸುರಿದು, ಗೋಡೆ ಹಿಡಿದು ತುಳಿಯತೊಡಗಿದೆ. ಹಳೆಯ ಗಂಜಿ ಕರಗಿ ನೀರು ಕಂದುಬಣ್ಣಕ್ಕೆ ತಿರುಗಿತು. ಎತ್ತಿ ಹಿಡಿದರೆ ಕಂಬಳಿ ಜೋತುಬಿತ್ತು.

"ನೋಡಿದೇನ? ಸಡ್ಲಾತು," ಎಂದು ಪಕ್ಕದಲ್ಲೇ ನಿಂತಿದ್ದ ಮೊಮ್ಮಗಳಿಗೆ ತೋರಿಸಿದೆ.

ಸೊಸೆ ಬಾಗಿಲಲ್ಲಿ ಬಂದು ನಿಂತಳು. "ಮಾವಾರ, ಜಾರಿ ಬಿದ್ದು ಸೊಂಟ ಮುರ್ಕೊಂಡ್ರ ಯಾವ ವೆಬ್‌ಸೈಟ್ ನೋಡೂಣ್ರಿ?"

"ಅವ್ರು ದಿನಾ ಇಡೀ ತುಳೀತಿದ್ರು, ಅಜ್ಜಾ. ನೀ ಹತ್ತ ಮಿನಿಟ್‌ನ್ಯಾಗ ಖಲಾಸ್ ಅಂತೀ!" ಎಂದು ಮೊಮ್ಮಗಳು ಪ್ಯಾಂಟು ಮಡಚಿಕೊಂಡು ತಾನೂ ಟಬ್ಬಿಗಿಳಿದಳು.

ಮಧ್ಯಾಹ್ನದ ಬಾಂಗು ಕೇಳುವವರೆಗೆ ಇಬ್ಬರೂ ತುಳಿದೆವು. ಬಾಲ್ಕನಿಯ ಬಿಸಿಲಿಗೆ ಕಂಬಳಿ ಸಂಜೆಯೊಳಗೆ ಒಣಗಿತು. ಬೆಳಕಿಗೆ ಹಿಡಿದು ನೋಡಿದೆ. ನೇಯ್ಗೆಯ ಎಳೆಗಳು ಬೇರೆಬೇರೆಯಾಗಿ ಕಾಣಲಿಲ್ಲ. ಉಣ್ಣೆಯ ಕೂದಲು ಒಂದಕ್ಕೊಂದು ಹೆಣೆದುಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಗಂಜಿಯ ಹನಿಯಿಲ್ಲದೆ ಕಂಬಳಿ ದಪ್ಪಗಾಗಿತ್ತು, ಗಟ್ಟಿಯಾಗಿತ್ತು. ಹೊದ್ದು ನೋಡಿದರೆ ಕಾಲು ಹೊರಗುಳಿಯುವಷ್ಟು ಕುಗ್ಗಿಯೂ ಇತ್ತು.

"ವಾಕ್ಯ ಇರ್ಲಿ," ಎಂದೆ. "ಆದ್ರ ತುಳಿಯಾಂವ ತನಗ ತಾನ ಆ ಹೆಸರು ಇಟ್ಕೊಂಡನೋ, ಕಂದಾಯದವ್ರು ತಮ್ಮ ಪಟ್ಟಿನ್ಯಾಗ ಬರಕೊಂಡ್ರೋ? ಅವ್ನ ಮೊಮ್ಮಕ್ಕಳು ತುಳಿಯೂದು ಬಿಟ್ಟ ಮ್ಯಾಲೂ ಅದು ಯಾಕ ಉಳೀತು?"

"ಭಾನುವಾರಕ್ಕ ಇಷ್ಟ ಸಾಕು, ಅಜ್ಜಾ. ಪ್ರೂಫ್ ಇಲ್ಲೇ ಐತಿ," ಎಂದು ಅವಳು ಕಂಬಳಿಯನ್ನು ಮಡಚಿ ಶಾಲೆಯ ಚೀಲಕ್ಕೆ ತುರುಕಿದಳು. ಕುಗ್ಗಿದ್ದರಿಂದಲೇ ಅದು ಅಲ್ಲಿ ಹಿಡಿಸಿತು.