ಯಾರಿಗೆ ‘ರಿ’, ಯಾರಿಗೆ ‘ಲೇ’

ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಾಗ ನಮಗೊಂದು ಹೊಸ ವಿಷಯ ಬಂತು: ದಿನನಿತ್ಯದ ಬದುಕಿನಲ್ಲಿ ಸಂಸ್ಕೃತಿ ಮತ್ತು ಅಧಿಕಾರ. ಅಧಿಕಾರವೆಂದರೆ ಕಚೇರಿ, ಪೊಲೀಸ್ ಠಾಣೆ ಎಂದಷ್ಟೇ ತಿಳಿದಿದ್ದೆವು. ಅದನ್ನು ಕಲಿಸುತ್ತಿದ್ದ ಸರ್ ದಸರಾ ಸೂಟಿಗೆ ಒಂದು ಕೆಲಸ ಹಚ್ಚಿದರು.

“ಎಲ್ಲೂ ದೂರ ಹೋಗಬ್ಯಾಡ್ರಿ. ನಿಮ್ಮ ಮನಿ ಅಂಗಳದಾಗ ಕುಂತು, ಯಾರು ಯಾರಿಗೆ ‘ರಿ’ ಹಚ್ಚಿ ಮಾತಾಡ್ತಾರ, ಯಾರಿಗೆ ‘ಲೇ’ ಅಂತಾರ, ಅಷ್ಟ ಬರಕೊಂಡು ಬರ್ರಿ.”

ಸಲೀಸು ಕೆಲಸವೆಂದುಕೊಂಡು ನಮ್ಮೂರು ತಂಬೂರಿಗೆ ಬಂದೆ. ನಾಲ್ಕೇ ದಿನದಲ್ಲಿ ನನ್ನ ನೋಟುಬುಕ್ಕು ಓದಲು ನನಗೇ ನಾಚಿಕೆಯಾಗುವಂತಾಯಿತು. ನಮ್ಮ ಭತ್ತದ ಗದ್ದೆಯಲ್ಲಿ ಅಪ್ಪನ ಮದುವೆಗೂ ಮೊದಲಿನಿಂದ ದುಡಿಯುತ್ತಿದ್ದ ಮುದುಕರೊಬ್ಬರು ದಿನಾ ಬೆಳಿಗ್ಗೆ ಬಂದು ಮನೆಯ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದರು. ಅಂಗಳಕ್ಕೆ ಬರುವವರಲ್ಲೆಲ್ಲ ಅವರೇ ಹಿರಿಯರು. ಅವರಿಗೆ ಒಬ್ಬರೂ ‘ರಿ’ ಹಚ್ಚುತ್ತಿರಲಿಲ್ಲ. ಅಪ್ಪ, ಅವ್ವ, ಆರು ವರ್ಷದ ನನ್ನ ಅಣ್ಣನ ಮಗಳು, ಎಲ್ಲರದೂ ಏಕವಚನವೇ. ನನ್ನದೂ.

ಮರುದಿನ ಚಹಾ ಕೊಡುವಾಗ, “ಅಜ್ಜಾ, ತಗೋರಿ,” ಎಂದೆ. ಅವರು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು.

ಅಪ್ಪನಿಗೆ ಅದು ಕೇಳಿಸಿತ್ತು. ಊಟಕ್ಕೆ ಕುಳಿತಾಗ, “ಯುನಿವರ್ಸಿಟಿಯೊಳಗ ಇದನ್ನ ಕಲಸ್ತಾರೇನು?” ಎಂದರು. ಸಿಟ್ಟೇನೂ ಇರಲಿಲ್ಲ.

ಆದರೆ ಮುದುಕರು ಸಂಜೆ ಹೊರಡುವ ಮುನ್ನ ನನ್ನನ್ನು ಬಾವಿಯ ಬಳಿ ಕಂಡರು. “ತಂಗೀ, ನನಗ ಹಂಗ ಅನಬ್ಯಾಡ. ನೀ ನಾಳಿ ಬಸ್ ಹತ್ತಿ ಹೋಗ್ತಿ. ನಾ ಇಲ್ಲೇ ಬರಬೇಕು.”

ಅವರನ್ನು ಕೇಳದೆ ಮರ್ಯಾದೆ ಕೊಡಲು ಹೊರಟವಳು ನಾನು. ಹಾಗೆ ಕೊಡುವ ಧೈರ್ಯವೂ ಆ ಮನೆಯ ಮಗಳೆಂಬುದರಿಂದಲೇ ಬಂದದ್ದು. ಅದನ್ನೂ ಬರೆದುಕೊಂಡೆ.

ಸೂಟಿ ಮುಗಿದ ಮೇಲೆ ತರಗತಿಯಲ್ಲಿ ಓದಿದೆ. ಸರ್ ಮೆಚ್ಚಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಗೆಳತಿ, ಅಣ್ಣಿಗೇರಿ ಕಡೆಯ ಕೂಲಿ ಮಾಡುವವರ ಮಗಳು, ಮೆಲ್ಲಗೆ ಕೇಳಿದಳು: “ಅಜ್ಜಾರು ನಿಂತಿದ್ರು ಅಂದಿ. ಯಾಕ ನಿಂತಿದ್ರು? ಅದನ್ನ ಬರದೇ ಇಲ್ಲಲ್ಲ.”

ಹೌದು, ಬರೆದಿರಲಿಲ್ಲ. ಹುಟ್ಟಿದಾಗಿನಿಂದ ಅವರು ನಿಂತದ್ದನ್ನೇ ನೋಡಿದವಳಿಗೆ ಅದು ಕಂಡಿರಲೇ ಇಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಕೇರಿಯ ಅವರ ಮನೆಗೇ ಹೋದೆ, ಮೊದಲ ಸಲ. ಅವರ ಸೊಸೆ ಕಂಬಳಿ ಹಾಸಿದಳು. ಅವರು ಹಗ್ಗದ ಹೊರಸಿನ ಮೇಲೆ ಕುಳಿತಿದ್ದರು. ನಿಂತುಕೊಳ್ಳುವ ವಿಷಯ ಕೇಳಿದೆ. ಅವರು ನಕ್ಕುಬಿಟ್ಟರು.

“ಮೊದಲ ನಿಮ್ಮಜ್ಜಾರ ಕಾಲಕ್ಕ ಕುಂದರೂ ಹಂಗ ಇರಲಿಲ್ಲ. ಈಗ ನಿಮ್ಮಪ್ಪ ಒಮ್ಮೊಮ್ಮೆ ಕುಂದ್ರು ಅಂತಾನ. ಆದ್ರ ನೆಲಕ್ಕ ಕುಂತ್ರ ಈ ಮೊಣಕಾಲು ಮ್ಯಾಲ ಏಳೂದಿಲ್ಲ. ಎರಡೂ ಬರಿ.”

ನನ್ನ ಅಪ್ಪನನ್ನು ಅವರು ತಮ್ಮ ಮನೆಯಲ್ಲಿ ಏಕವಚನದಲ್ಲಿ ಕರೆಯುತ್ತಾರೆಂಬುದು ಗೊತ್ತಾದದ್ದು ಆಗಲೇ. ಸೊಸೆ ಗಾಬರಿಯಿಂದ ನನ್ನ ಮುಖ ನೋಡಿದಳು. “ಅದನ್ನೂ ಬರೀಲೇನು?” ಎಂದೆ.

“ಬರಿ. ಆದ್ರ ನನ್ನ ಹೆಸರು ಹಾಕಬ್ಯಾಡ,” ಎಂದರು.

ಕರಿಚಹಾ ಕುಡಿದು ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು, ಹೇಳಿದೆ.

“ಚಾ ಕುಡದೇನು?”

“ಹೂಂ, ಕುಡದೆ.”

“ಅವನ ಮೊಣಕಾಲು ಹೆಂಗೈತಿ?” ಎಂದರು.